ಐದರಲ್ಲೊಂದು ಗುಂಡು ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಪ್ರಶ್ನೆ: ಸರ್, ಎರಡು ವರ್ಷ 10 ಮೀಟರ್ ಏರ್ ಪಿಸ್ತೂಲ್ ಹೊಡೆದು ಈಗ 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲಿಗೆ ಬಂದಿದ್ದೇನೆ. ಬಳಸುತ್ತಿರುವುದು ಕ್ಲಬ್ಬಿನ ಹಳೆಯ .22 ಪಿಸ್ತೂಲ್. ನಿಧಾನವಾಗಿ ಗುರಿಯಿಡುವ ಪ್ರಿಸಿಷನ್ ಹಂತದಲ್ಲಿ ಹೆಚ್ಚು ತೊಂದರೆ ಇಲ್ಲ. ರ‍್ಯಾಪಿಡ್ (ಪ್ರತಿ ಗುಂಡಿಗೂ ಮೂರೇ ಸೆಕೆಂಡಿನ ಹಂತ) ಶುರುವಾದರೆ ಸಾಕು, ಎರಡು ಮೂರು ಸೀರೀಸಿಗೊಮ್ಮೆ (ಐದು ಗುಂಡಿಗೊಂದು ಸೀರೀಸ್) ಜಾಮ್. ಒಮ್ಮೆ ರೌಂಡಿನ (ಕಾಡತೂಸಿನ) ಮೂತಿ ಮೇಲಕ್ಕೆದ್ದು ನಿಲ್ಲುತ್ತದೆ, ಒಮ್ಮೆ ಹೊಡೆದ ಮೇಲೆ ಉಳಿದ ಖಾಲಿ ಕೇಸ್ ಹೊರಬೀಳುವ ಕಿಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲವು ಸಲ ಟ್ರಿಗರ್ ಎಳೆದರೂ ಏನೂ ಆಗುವುದಿಲ್ಲ. ಒಬ್ಬರು ನಿನ್ನ ಗ್ರಿಪ್ ಸಡಿಲ ಅಂತಾರೆ, ಇನ್ನೊಬ್ಬರು ಚೆನ್ನಾಗಿ ಎಣ್ಣೆ ಬಿಡು ಅಂತಾರೆ, ಮತ್ತೊಬ್ಬರು ಹೈ ವೆಲಾಸಿಟಿ ರೌಂಡ್ ಹಾಕಿದರೆ ಸರಿಹೋಗುತ್ತೆ ಅಂತಾರೆ. ತಪ್ಪು ನನ್ನದಾ, ಪಿಸ್ತೂಲಿನದಾ? ಸ್ವಂತದ್ದು ತಗೊಳ್ಳುವುದೇ ಪರಿಹಾರವಾ?

ಉತ್ತರ: ನೀವು ಬರೆದಿರುವುದು ಒಂದು ತೊಂದರೆಯಲ್ಲ, ಮೂರು. ಮೂರಕ್ಕೂ ಕಾರಣ ಬೇರೆ ಬೇರೆ. ಸಲಹೆ ಕೊಟ್ಟವರು ತಾವು ಕಂಡ ಒಂದೊಂದನ್ನು ಹೇಳಿದ್ದಾರೆ, ಹಾಗಾಗಿ ಯಾರ ಮಾತೂ ಪೂರ್ತಿ ಸುಳ್ಳಲ್ಲ. ಹೈ ವೆಲಾಸಿಟಿಯ ಮಾತೊಂದನ್ನು ಮಾತ್ರ ಈಗಲೇ ತಳ್ಳಿಹಾಕಿ, ಕಾರಣ ಮುಂದೆ ಹೇಳುತ್ತೇನೆ.

ಮೊದಲು ಬದಲಾಗಬೇಕಾದದ್ದು ಪಿಸ್ತೂಲ್ ನಿಂತ ಮರುಕ್ಷಣ ನೀವು ಮಾಡುವ ಕೆಲಸ. ಬಹುತೇಕರು ಬೋಲ್ಟ್ (ರೌಂಡನ್ನು ಒಳಗೆ ನೂಕಿ ಹಿಂದಿನಿಂದ ಮುಚ್ಚುವ ಜಾರುತುಂಡು) ಎಳೆದು, ಸಿಕ್ಕಿಕೊಂಡದ್ದನ್ನು ಉದುರಿಸಿ, ಮುಂದಿನ ರೌಂಡ್ ಹೊಡೆದು, ಆಮೇಲೆ "ಜಾಮ್ ಆಯ್ತು" ಅನ್ನುತ್ತಾರೆ. ಅಷ್ಟರಲ್ಲಿ ಸಾಕ್ಷಿಯೆಲ್ಲ ನೆಲಕ್ಕೆ ಬಿದ್ದಿರುತ್ತದೆ. ನಿಂತ ತಕ್ಷಣ ಬೆರಳು ಟ್ರಿಗರ್ ಗಾರ್ಡಿನಿಂದ ಹೊರಗೆ, ಮೂತಿ ಗುರಿಯ ಕಡೆಗೇ, ಬೋಲ್ಟನ್ನು ಮುಟ್ಟದೆ ಪಕ್ಕದಿಂದ ನೋಡಿ. ಬೋಲ್ಟ್ ಎಷ್ಟು ತೆರೆದಿದೆ? ರೌಂಡ್ ಎಲ್ಲಿದೆ, ಮೂತಿ ಯಾವ ಕಡೆಗಿದೆ? ಖಾಲಿ ಕೇಸ್ ಹೊರಗೆ ಹೋಗಿದೆಯೋ ಇಲ್ಲವೋ? ಅಭ್ಯಾಸದ ದಿನ ರೇಂಜ್ ಆಫೀಸರ್ ಒಪ್ಪಿದರೆ ಪಕ್ಕದವರಿಂದ ಮೊಬೈಲಿನಲ್ಲಿ ಒಂದು ಫೋಟೊ ತೆಗೆಸಿಕೊಳ್ಳಿ. ಇಂಥ ನಾಲ್ಕೈದು ಫೋಟೊ ಸೇರಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಬೋಲ್ಟ್ ಪೂರ್ತಿ ಮುಚ್ಚದೆ ಅರ್ಧಕ್ಕೆ ನಿಂತರೆ ಹೆಬ್ಬೆರಳಿನಿಂದ ಒತ್ತಿ ಮುಚ್ಚಬೇಡಿ, ಅಂಗೈಯಿಂದ ತಟ್ಟಲೂ ಬೇಡಿ. .22 ರಿಮ್‌ಫೈರ್ ಕಾಡತೂಸು. ಸಿಡಿಮದ್ದು ಕೇಸಿನ ನಡುವೆ ಇರುವುದಿಲ್ಲ, ತಳದ ಅಂಚಿನ ಸುತ್ತ ಒಳಗೆ ಹರಡಿರುತ್ತದೆ. ಆ ಅಂಚು ಎಲ್ಲಾದರೂ ಅಡ್ಡಕ್ಕೆ ಸಿಕ್ಕಿ ಜಜ್ಜಿದರೆ ಚೇಂಬರಿನ (ಬ್ಯಾರೆಲಿನ ಹಿಂತುದಿಯಲ್ಲಿ ರೌಂಡ್ ಕೂರುವ ಜಾಗ) ಹೊರಗೇ ಸಿಡಿಯಬಹುದು. ಮ್ಯಾಗಜೀನ್ (ರೌಂಡ್ ತುಂಬುವ ಡಬ್ಬಿ) ತೆಗೆಯಿರಿ, ಬೋಲ್ಟ್ ಹಿಂದಕ್ಕೆ ಎಳೆಯಿರಿ, ರೌಂಡನ್ನು ಹೊರಕ್ಕೆ ಬಿಡಿ. ಮೂತಿ ಡೊಂಕಾದ, ಗೀರು ಬಿದ್ದ ರೌಂಡನ್ನು ಮತ್ತೆ ಮ್ಯಾಗಜೀನಿಗೆ ಹಾಕದೆ ಕೆಟ್ಟ ರೌಂಡಿಗೆಂದು ರೇಂಜಿನಲ್ಲಿಟ್ಟ ಡಡ್ ಡಬ್ಬಕ್ಕೆ ಹಾಕಿ. ನಮ್ಮಲ್ಲಿ ಒಂದೊಂದು ರೌಂಡಿಗೂ ಲೆಕ್ಕ ಇರುವುದರಿಂದ ಕೈ ಬರುವುದಿಲ್ಲ, ಗೊತ್ತು. ಆದರೂ ಹಾಕಿ.

ಈಗ ಯಂತ್ರದ ಮಾತು. .22 ಲಾಂಗ್ ರೈಫಲ್ ಕಾಡತೂಸಿನ ಸೀಸದ ಗುಂಡು ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಸ್ಟ್ಯಾಂಡರ್ಡ್ ವೆಲಾಸಿಟಿ ರೌಂಡಿನ ವೇಗ ರೈಫಲ್ ಬ್ಯಾರೆಲಿನಲ್ಲಿ ಸೆಕೆಂಡಿಗೆ 320-330 ಮೀಟರಿನ ಆಸುಪಾಸು. ಪಿಸ್ತೂಲಿನ ಗಿಡ್ಡ ಬ್ಯಾರೆಲಿನಲ್ಲಿ ಇನ್ನೂ ಕಡಿಮೆ. ಇಷ್ಟು ಚಿಕ್ಕ ಕಾಡತೂಸು ಹಿಂದಕ್ಕೆ ಕೊಡುವ ತಳ್ಳುವಿಕೆಯಲ್ಲೇ ಎಲ್ಲ ಕೆಲಸ ಆಗಬೇಕು. ವಾಲ್ಥರ್ ಜಿಎಸ್‌ಪಿ, ಪಾರ್ಡಿನಿ ಎಸ್‌ಪಿ ಥರದ, ಮ್ಯಾಗಜೀನ್ ಟ್ರಿಗರಿನ ಮುಂದಿರುವ ಟಾರ್ಗೆಟ್ ಪಿಸ್ತೂಲುಗಳೆಲ್ಲ ಬ್ಲೋಬ್ಯಾಕ್ ಜಾತಿಯವು. ಬೋಲ್ಟಿಗೆ ಬೀಗ ಇಲ್ಲ. ಅದರ ತೂಕ ಮತ್ತು ಹಿಂದಿನ ಸ್ಪ್ರಿಂಗ್ ಎರಡೇ ಅದನ್ನು ಕ್ಷಣಕಾಲ ತಡೆದು ಹಿಡಿಯುತ್ತವೆ. ಗುಂಡು ಹೊರಟ ಮೇಲೆ ಬೋಲ್ಟ್ ಹಿಂದೆ ಹೋಗುತ್ತಾ ಖಾಲಿ ಕೇಸನ್ನು ಎಳೆದು ಹೊರಗೆಸೆಯಬೇಕು, ಫೈರಿಂಗ್ ಪಿನ್ನಿಗೆ ಬಡಿಯುವ ಹ್ಯಾಮರ್ ಎಬ್ಬಿಸಬೇಕು, ಸ್ಪ್ರಿಂಗ್ ಒತ್ತಬೇಕು. ಆಮೇಲೆ ಆ ಸ್ಪ್ರಿಂಗು ಬೋಲ್ಟನ್ನು ಮುಂದಕ್ಕೆ ನೂಕುವಾಗ ಮ್ಯಾಗಜೀನಿನ ಮೇಲಿನ ರೌಂಡನ್ನು ಉಜ್ಜಿಕೊಂಡು ಹೋಗಿ ಚೇಂಬರಿಗೆ ಕೂರಿಸಬೇಕು. 9 ಎಂಎಂ ಪಿಸ್ತೂಲಿನಲ್ಲಿ ಈ ಕೆಲಸಕ್ಕೆ ಶಕ್ತಿ ಧಾರಾಳ. .22ರಲ್ಲಿ ಉಳಿಕೆಯೇ ಇಲ್ಲ. ಸ್ವಲ್ಪ ಮೇಣ, ಸ್ವಲ್ಪ ಮಸಿ, ಸ್ವಲ್ಪ ಸಡಿಲ ಮಣಿಕಟ್ಟು ಇವುಗಳಲ್ಲಿ ಯಾವುದೊಂದೂ ತಾನಾಗಿ ಪಿಸ್ತೂಲನ್ನು ನಿಲ್ಲಿಸುವುದಿಲ್ಲ. ಮೂರೂ ಕೂಡಿದರೆ ನಿಲ್ಲಿಸುತ್ತವೆ. ನಿಮ್ಮ ಪಿಸ್ತೂಲ್ ರ‍್ಯಾಪಿಡ್‌ನಲ್ಲೇ ಯಾಕೆ ಕೈಕೊಡುತ್ತದೆ ಎಂಬುದಕ್ಕೆ ಉತ್ತರ ಇದರಲ್ಲಿದೆ ಅಂತ ನನ್ನ ಅಂದಾಜು.

ಲೆಕ್ಕ ಹಾಕಿ ನೋಡಿ. ಪ್ರಿಸಿಷನ್‌ನಲ್ಲಿ ಐದು ಸೈಟರ್ (ಲೆಕ್ಕಕ್ಕಿಲ್ಲದ ಪರೀಕ್ಷಾ ಗುಂಡು), ಮೂವತ್ತು ಪಂದ್ಯದ ರೌಂಡು. ಆಮೇಲೆ ರ‍್ಯಾಪಿಡ್‌ನ ಐದು ಸೈಟರ್. ಅಂದರೆ ರ‍್ಯಾಪಿಡ್‌ನ ಮೊದಲ ಲೆಕ್ಕದ ಗುಂಡು ಹಾರುವ ಹೊತ್ತಿಗೆ ಪಿಸ್ತೂಲಿನೊಳಗೆ 40 ರೌಂಡಿನ ಮೇಣ, ಮಸಿ, ಅರ್ಧ ಉರಿದ ಮದ್ದು ಸೇರಿಕೊಂಡಿರುತ್ತದೆ. .22 ಗುಂಡಿಗೆ ಹೊರಮೈಯಲ್ಲೇ ಮೇಣವೋ ಗ್ರೀಸೋ ಸವರಿರುತ್ತಾರೆ. ಅದು ಚೇಂಬರಿನ ಬಾಯಲ್ಲಿ, ರೌಂಡನ್ನು ಚೇಂಬರಿಗೆ ಜಾರಿಸುವ ಇಳಿಜಾರಾದ ಫೀಡ್ ರ‍್ಯಾಂಪಿನ ಮೇಲೆ, ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆಯ (ಖಾಲಿ ಕೇಸನ್ನು ಹೊರಗೆಳೆಯುವುದು) ಸಂದಿಯಲ್ಲಿ ಕೂರುತ್ತದೆ. ಇದೊಂದನ್ನು ಪರೀಕ್ಷಿಸುವುದಕ್ಕೆ ಖರ್ಚೇ ಇಲ್ಲ. ಮುಂದಿನ ಸಲ ಶುಚಿ ಮಾಡಿದ ಪಿಸ್ತೂಲಿನಲ್ಲಿ ರ‍್ಯಾಪಿಡ್ ಮೊದಲು ಹೊಡೆಯಿರಿ, ಪ್ರಿಸಿಷನ್ ಆಮೇಲೆ. ತೊಂದರೆಯೂ ಜಾಗ ಬದಲಿಸಿ ಪ್ರಿಸಿಷನ್‌ಗೆ ಹೋದರೆ ಕೊಳೆಯೇ ಕಾರಣ. ಜಾಗ ಬದಲಿಸದೆ ರ‍್ಯಾಪಿಡ್‌ನಲ್ಲೇ ಉಳಿದರೆ ನಿಮ್ಮ ಕೈಯನ್ನು ನೋಡಬೇಕು.

ಮೂತಿ ಮೇಲಕ್ಕೆದ್ದು ನಿಲ್ಲುವುದನ್ನು ಮೊದಲು ತೆಗೆದುಕೊಳ್ಳೋಣ. ಇಂಥ ತೊಂದರೆಗೆ ನಾನು ಮೊದಲು ಅನುಮಾನಿಸುವುದು ಮ್ಯಾಗಜೀನನ್ನು, ಪಿಸ್ತೂಲನ್ನಲ್ಲ. ಮ್ಯಾಗಜೀನಿನ ಮೇಲಿನ ಎರಡು ತುಟಿಗಳು ರೌಂಡನ್ನು ಯಾವ ಕೋನದಲ್ಲಿ ಹಿಡಿದು, ಯಾವ ಕ್ಷಣದಲ್ಲಿ ಬಿಡಬೇಕು ಎಂಬುದನ್ನು ನಿರ್ಧರಿಸುತ್ತವೆ. ಕ್ಲಬ್ಬಿನ ಮ್ಯಾಗಜೀನು ಎಷ್ಟು ಜನರ ಕೈಯಿಂದ ಸಿಮೆಂಟ್ ನೆಲಕ್ಕೆ ಬಿದ್ದಿದೆಯೋ ಯಾರಿಗೆ ಗೊತ್ತು. ತುಟಿ ಒಂದು ಬದಿ ಚೂರು ಅಗಲವಾಗಿದ್ದರೂ ರೌಂಡ್ ಬೇಗ ಕೈತಪ್ಪಿ ಮೂತಿ ಎತ್ತುತ್ತದೆ. ಎಲ್ಲ ಮ್ಯಾಗಜೀನಿಗೂ ನೇಲ್ ಪಾಲಿಶ್‌ನಲ್ಲಿ ಒಂದು, ಎರಡು, ಮೂರು ಅಂತ ಗುರುತು ಹಾಕಿ. ಜಾಮ್ ಆದಾಗ ಯಾವುದು ಇತ್ತು ಅಂತ ಬರೆದಿಡಿ. ತೊಂದರೆಯೆಲ್ಲ ಎರಡನೇ ನಂಬರಿಗೇ ಅಂಟಿಕೊಂಡಿದೆ ಅಂತ ಗೊತ್ತಾದರೆ ಅದನ್ನು ಪಂದ್ಯಕ್ಕೆ ಒಯ್ಯಬೇಡಿ, ಕಥೆ ಮುಗಿಯಿತು. ಇಕ್ಕಳ ಹಿಡಿದು ತುಟಿ ಬಗ್ಗಿಸುವ ಉತ್ಸಾಹಿಗಳು ಎಲ್ಲ ಕ್ಲಬ್ಬಿನಲ್ಲೂ ಇರುತ್ತಾರೆ, ಅವರ ಕೈಗೆ ಕೊಡಬೇಡಿ. ಫೀಡ್ ರ‍್ಯಾಂಪನ್ನು ಮರಳುಕಾಗದದಲ್ಲಿ ಉಜ್ಜಿ ನುಣುಪು ಮಾಡುತ್ತೇನೆ ಅನ್ನುವವರನ್ನಂತೂ ಪಿಸ್ತೂಲಿನ ಹತ್ತಿರವೇ ಬಿಡಬೇಡಿ. ಅದು ಆರ್ಮರರ್ (ಆಯುಧ ರಿಪೇರಿ ಮಾಡುವವರು) ಕೆಲಸ.

ಮ್ಯಾಗಜೀನ್ ಸರಿ ಇದ್ದರೂ ತುಂಬುವುದರಲ್ಲಿ ತಪ್ಪಾಗಬಹುದು. .22 ಕೇಸಿನ ತಳದಲ್ಲಿ ಹೊರಚಾಚಿದ ಅಂಚು ಇದೆಯಲ್ಲ, ಮೇಲಿನ ರೌಂಡಿನ ಅಂಚು ಯಾವಾಗಲೂ ಕೆಳಗಿನದರ ಅಂಚಿನ ಮುಂದೆ ಇರಬೇಕು. ಹಿಂದೆ ಬಿದ್ದರೆ ಮುಂದಕ್ಕೆ ಹೊರಡುವಾಗ ಕೆಳಗಿನದನ್ನೂ ಎಳೆಯುತ್ತದೆ, ಬಸ್ಸಿನ ಬಾಗಿಲಲ್ಲಿ ನಿಮ್ಮ ಚಪ್ಪಲಿಯ ಹಿಂಬದಿ ಇನ್ನೊಬ್ಬರು ತುಳಿದು ನಿಂತ ಹಾಗೆ. ಬೋಲ್ಟಿಗೆ ಅಷ್ಟು ಎಳೆಯುವ ಶಕ್ತಿ ಇಲ್ಲ. ಬೆರಳು ನೋಯದಿರಲಿ ಅಂತ ಮ್ಯಾಗಜೀನಿನ ಪಕ್ಕದ ಬಟನ್ನನ್ನು ತಳದವರೆಗೆ ಎಳೆದು ಹಿಡಿದು ಐದನ್ನೂ ಸುರಿದರೆ ಹೀಗಾಗುವುದೇ ಹೆಚ್ಚು. ಒಂದು ರೌಂಡಿಗೆ ಬೇಕಾದಷ್ಟೇ ಇಳಿಸಿ, ಒಂದೊಂದನ್ನೇ ಹಿಂದಿನ ಗೋಡೆಗೆ ಒರಗಿಸಿ ಕೂರಿಸಿ. ಐದೂ ಆದಮೇಲೆ ಮ್ಯಾಗಜೀನಿನ ಬೆನ್ನನ್ನು ಅಂಗೈಗೆ ಎರಡು ಸಲ ಮೆಲ್ಲಗೆ ತಟ್ಟಿ, ಮೇಲಿಂದ ನೋಡಿ. ಪಿಸ್ತೂಲಿಗೆ ಹಾಕಿದಾಗ ಕ್ಲಿಕ್ ಕೇಳಬೇಕು, ಕೆಳಕ್ಕೆ ಚೂರು ಎಳೆದರೆ ಬರಬಾರದು. ಕೂರದ ಮ್ಯಾಗಜೀನಿನಿಂದಾದ ಜಾಮನ್ನು ಪಿಸ್ತೂಲಿನ ತಲೆಗೆ ಕಟ್ಟಿದ್ದು ಬೇಕಾದಷ್ಟಿದೆ.

ಐದರಲ್ಲಿ ಎಷ್ಟನೆಯದು ಸಿಕ್ಕಿಕೊಂಡಿತು ಅಂತ ಗಮನಿಸಿ. ಇದನ್ನು ಯಾರೂ ಬರೆದುಕೊಳ್ಳುವುದಿಲ್ಲ, ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದೇ ಇದು. ಯಾವಾಗಲೂ ಮೊದಲನೆಯದೇ ಆದರೆ ನೀವು ಬೋಲ್ಟನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ಬಿಡುತ್ತಿದ್ದೀರಿ. ಪೂರ್ತಿ ಹಿಂದಕ್ಕೆಳೆದು ಕೈ ಬಿಟ್ಟುಬಿಡಿ, ಸ್ಪ್ರಿಂಗು ತನ್ನ ಕೆಲಸ ಮಾಡಲಿ. ಯಾವಾಗಲೂ ನಾಲ್ಕನೆಯದೋ ಐದನೆಯದೋ ಆದರೆ ಮ್ಯಾಗಜೀನಿನ ಸ್ಪ್ರಿಂಗ್ ಸೋತಿದೆ, ಇಲ್ಲವೇ ಒಳಗೆ ರೌಂಡುಗಳನ್ನು ಮೇಲಕ್ಕೆತ್ತುವ ಫಾಲೋವರ್ ಕೊಳೆಯಲ್ಲಿ ಏಳಲಾರದೆ ಒದ್ದಾಡುತ್ತಿದೆ. ಕ್ರಮವೇ ಇಲ್ಲದೆ ಎಲ್ಲೆಂದರಲ್ಲಿ ಆದರೆ ರೌಂಡು, ಕೊಳೆ ಅಥವಾ ಕೈ.

ಖಾಲಿ ಕೇಸ್ ಕಿಂಡಿಯಲ್ಲಿ ನಿಂತುಬಿಡುವುದು ಬೇರೆ ಜಾತಿ. ಅಲ್ಲಿ ಬೋಲ್ಟ್ ಹಿಂದಕ್ಕೆ ಹೋಗಬೇಕಾದಷ್ಟು ದೂರ, ಹೋಗಬೇಕಾದ ವೇಗದಲ್ಲಿ ಹೋಗಿಲ್ಲ. ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆಯಡಿ ಮಸಿ ತುಂಬಿ ಹಿಡಿತ ಸಡಿಲವಾಗಿರಬಹುದು, ರೌಂಡು ದುರ್ಬಲ ಇರಬಹುದು, ದಪ್ಪ ಎಣ್ಣೆ ಇರಬಹುದು. ಗ್ರಿಪ್ಪಿನ ಮಾತು ಬರುವುದೂ ಇಲ್ಲೇ. ಬೋಲ್ಟ್ ಹಿಂದಕ್ಕೆ ಓಡಬೇಕಾದರೆ ಚೌಕಟ್ಟು ನಿಂತಿರಬೇಕು. ಮಣಿಕಟ್ಟು ಮಡಚಿಕೊಂಡು ಚೌಕಟ್ಟೂ ಜೊತೆಗೇ ಹಿಂದೆ ಹೋದರೆ ಬೋಲ್ಟಿಗೆ ಸಿಗುವ ಓಟ ಅಷ್ಟರಮಟ್ಟಿಗೆ ಕಡಿಮೆ. ಏರ್ ಪಿಸ್ತೂಲಿನಿಂದ ಬಂದವರಲ್ಲಿ ಇದು ಸಹಜ. ಅಲ್ಲಿ ಹಿಮ್ಮೆಟ್ಟುವಿಕೆಯೇ ಇಲ್ಲದಿರುವುದರಿಂದ ಮೆದು ಹಿಡಿತ ನಡೆಯುತ್ತದೆ, ಅದೇ ಚಂದ ಅಂತಲೂ ಕಲಿಸಿರುತ್ತಾರೆ.

ಆದರೆ "ಗಟ್ಟಿಯಾಗಿ ಹಿಡಿ" ಅನ್ನುವ ಸಲಹೆಯನ್ನು ಅಕ್ಷರಶಃ ತೆಗೆದುಕೊಂಡು ಕೈ ನಡುಗುವ ಹಾಗೆ ಹಿಸುಕಬೇಡಿ. ಬೇಕಾಗಿರುವುದು ಬೀಗ ಹಾಕಿದಂಥ ಮಣಿಕಟ್ಟು, ಐದೂ ಗುಂಡಿಗೆ ಒಂದೇ ಒತ್ತಡ. ಸೀರೀಸ್ ಶುರುವಾಗುವ ಮುಂಚೆ ಹಿಡಿದ ಹಿಡಿತವನ್ನು ಎರಡು ಗುಂಡಿನ ನಡುವಿನ ಏಳು ಸೆಕೆಂಡಿನ ಬಿಡುವಿನಲ್ಲಿ ಕೈ ಇಳಿಸಿದಾಗ ಸಡಿಲಿಸಿ, ಮತ್ತೆ ಎತ್ತುವಾಗ ಹುಡುಕಿಕೊಳ್ಳುವುದು ಹೊಸಬರ ಅಭ್ಯಾಸ. ಪ್ರಿಸಿಷನ್‌ನಲ್ಲಿ ಇದು ಕಾಣುವುದಿಲ್ಲ, ಐದು ನಿಮಿಷದಲ್ಲಿ ಐದು ಗುಂಡಿಗೆ ನಿಧಾನವಾಗಿ ಹಿಡಿತ ಕೂರಿಸಿಕೊಳ್ಳಲು ಸಮಯ ಇರುತ್ತದೆ. ನಿಮ್ಮ ಕೈಯೋ ಪಿಸ್ತೂಲೋ ಅಂತ ತಿಳಿಯಬೇಕಾದರೆ ಅನುಭವಿ ಶೂಟರ್ ಒಬ್ಬರಿಗೆ ಅದೇ ಪಿಸ್ತೂಲ್, ಅದೇ ಮ್ಯಾಗಜೀನ್, ಅದೇ ಡಬ್ಬದ ರೌಂಡ್ ಕೊಟ್ಟು ನಾಲ್ಕು ಸೀರೀಸ್ ಹೊಡೆಸಿ. ಅವರ ಕೈಯಲ್ಲೂ ಕೇಸ್ ನಿಂತರೆ ನಿಮ್ಮ ಮಣಿಕಟ್ಟಿಗೆ ಬಿಡುಗಡೆ.

ಮೂರನೆಯದು, ಟ್ರಿಗರ್ ಎಳೆದರೂ ಏನೂ ಆಗದಿರುವುದು. ಇದರೊಳಗೇ ಮತ್ತೆ ಮೂರು ಸಾಧ್ಯತೆ ಇದೆ, ಕ್ಲಿಕ್ ಸದ್ದು ಬಂತೇ ಎಂಬುದೇ ಮೊದಲ ಪ್ರಶ್ನೆ.

ಕ್ಲಿಕ್ ಬಂತು, ಅರ್ಧ ನಿಮಿಷ ಮೂತಿ ಗುರಿಯತ್ತಲೇ ಇಟ್ಟು ಕಾದು ತೆರೆದಾಗ ಚೇಂಬರ್ ಖಾಲಿ: ಬೋಲ್ಟ್ ಹ್ಯಾಮರ್ ಎಬ್ಬಿಸುವಷ್ಟು ಹಿಂದೆ ಹೋಗಿದೆ, ಹೊಸ ರೌಂಡ್ ಹಿಡಿಯುವಷ್ಟು ಹೋಗಿಲ್ಲ. ಖಾಲಿ ಕೇಸ್ ನಿಲ್ಲುವುದರ ತಮ್ಮನೇ ಇದು, ಕಾರಣಗಳೂ ಅವೇ. ಕ್ಲಿಕ್ ಬಂತು, ರೌಂಡ್ ಇದೆ: ಅದರ ಅಂಚಿನ ಮೇಲಿನ ಪೆಟ್ಟಿನ ಗುರುತು ನೋಡಿ. ಗುರುತು ಆಳವಾಗಿದ್ದರೆ ಅಂಚಿನ ಆ ಜಾಗದಲ್ಲಿ ಸಿಡಿಮದ್ದು ಇಲ್ಲ, ತಪ್ಪು ರೌಂಡಿನದು. ತೇಲಿದ ಗುರುತಾದರೆ ಫೈರಿಂಗ್ ಪಿನ್ನಿನ ಸುತ್ತ ಕೊಳೆ, ಸೋತ ಸ್ಪ್ರಿಂಗ್, ಅಥವಾ ರೌಂಡ್ ಚೇಂಬರಿನಲ್ಲಿ ಪೂರ್ತಿ ಕೂತಿರಲಿಲ್ಲ. ಕಾಯುವುದು ಯಾಕೆಂದರೆ ಅಪರೂಪಕ್ಕೆ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ.

ಕ್ಲಿಕ್ಕೇ ಬರಲಿಲ್ಲ, ರೌಂಡ್ ಚೇಂಬರಿನಲ್ಲಿ ಸರಿಯಾಗಿ ಕೂತಿದೆ: ಹಿಂದಿನ ಗುಂಡಾದ ಮೇಲೆ ನೀವು ಟ್ರಿಗರನ್ನು ಪೂರ್ತಿ ಮುಂದಕ್ಕೆ ಬಿಟ್ಟಿಲ್ಲ. ಏರ್ ಪಿಸ್ತೂಲಿನಲ್ಲಿ ಫಾಲೋ ಥ್ರೂ ಅಂತ ಬೆರಳನ್ನು ಹಿಂದೆಯೇ ಹಿಡಿದಿಟ್ಟು ಅಭ್ಯಾಸ. ಅಲ್ಲಿ ಮುಂದಿನ ಗುಂಡಿಗೆ ಹೇಗೂ ಲಿವರ್ ತೆರೆದು ಪೆಲೆಟ್ ಹಾಕಬೇಕು, ಆಗ ಬೆರಳು ತಾನಾಗಿ ಹೊರಬರುತ್ತದೆ. ಇಲ್ಲಿ ಕೈ ಇಳಿಸಿದಾಗಲೂ ಬೆರಳು ಟ್ರಿಗರಿಗೆ ಭಾರ ಹಾಕಿಕೊಂಡೇ ಇರುತ್ತದೆ, ಟ್ರಿಗರಿನ ಒಳಗಿನ ಕೊಕ್ಕೆ ಮತ್ತೆ ಸಿಕ್ಕಿಕೊಳ್ಳುವುದಿಲ್ಲ. ನೀವು ಕ್ಲಿಕ್ ಬಗ್ಗೆ ಏನೂ ಬರೆದಿಲ್ಲ. ನನಗೆ ಅನುಮಾನ ಇರುವುದು ಇದರ ಮೇಲೆಯೇ. ಪಂದ್ಯದಲ್ಲಿ ಇದು ದುಬಾರಿ ಕೂಡ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ಇದು ಯಂತ್ರದ ದೋಷ ಅಲ್ಲ, ಶೂಟರ್ ತಪ್ಪು. ಹಾರದ ಗುಂಡಿಗೆ ಸೊನ್ನೆ.

ಇದಕ್ಕೆ ಸೇರಿದ್ದಲ್ಲದಿದ್ದರೂ ಒಂದು ಮಾತು. ಹೊಡೆದಾಗ ಸದ್ದು ಎಂದಿಗಿಂತ ಪುಸ್ ಅಂದರೆ, ಟಾರ್ಗೆಟ್ಟಿನಲ್ಲಿ ರಂಧ್ರ ಕಾಣದಿದ್ದರೆ, ಅಲ್ಲಿಗೇ ನಿಲ್ಲಿಸಿ. ಗುಂಡು ಬ್ಯಾರೆಲಿನಲ್ಲೇ ಉಳಿದಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ಬ್ಯಾರೆಲ್ ಉಬ್ಬುತ್ತದೆ, ಕೈಗೂ ಅಪಾಯ. ಖಾಲಿ ಮಾಡಿ, ರೇಂಜ್ ಆಫೀಸರ್ ಕೈಯಲ್ಲಿ ರಾಡ್ ಹಾಕಿಸಿ ನೋಡಿಸಿ. ಚೇಂಬರಿನಲ್ಲಿ ಬಿಗಿಯಾಗಿ ಕೂತ ರೌಂಡನ್ನು ಬಲವಾಗಿ ಹೊರಗೆಳೆದಾಗಲೂ ಕೇಸ್ ಮಾತ್ರ ಬಂದು ಗುಂಡು ಒಳಗೇ ಉಳಿಯುವುದುಂಟು.

ಎಣ್ಣೆಯ ವಿಷಯಕ್ಕೆ ಬರುತ್ತೇನೆ. "ಚೆನ್ನಾಗಿ ಎಣ್ಣೆ ಬಿಡು" ಅಂದವರು ಬೋಲ್ಟ್ ಜಾರುವ ಹಳಿಗಳ ಬಗ್ಗೆ ಹೇಳಿದ್ದರೆ ಸರಿ, ಅಲ್ಲಿಗೆ ಒಂದೊಂದು ಹನಿ. ಉಳಿದೆಡೆ ಎಣ್ಣೆ ಶತ್ರು. ಮೇಣ, ಮಸಿ, ಎಣ್ಣೆ ಮೂರೂ ಕಲಸಿಕೊಂಡರೆ ಕಪ್ಪು ಅಂಟು ಆಗಿ ಬೋಲ್ಟನ್ನು ನಿಧಾನ ಮಾಡುತ್ತದೆ. ಚೇಂಬರ್, ಮ್ಯಾಗಜೀನ್ ಎರಡೂ ಒಣಗಿರಬೇಕು. ಹಳೆಯ ಟೂತ್‌ಬ್ರಷ್, ಬಿದಿರಿನ ಹಲ್ಲುಕಡ್ಡಿ, ಚೇಂಬರಿಗೆ ಸರಿಹೊಂದುವ ಬ್ರಷ್, ಹತ್ತಿ ಬಟ್ಟೆಯ ಚೂರು ಇಷ್ಟಿದ್ದರೆ ಸಾಕು. ಬ್ಯಾರೆಲಿನ ಒಳಗನ್ನು ದಿನಾ ತಿಕ್ಕಬೇಕಾಗಿಲ್ಲ. ತಿಕ್ಕಬೇಕಾದದ್ದು ಚೇಂಬರಿನ ಬಾಯಿ, ಬೋಲ್ಟಿನ ಮುಖ, ಕೊಕ್ಕೆಯ ಸಂದಿ, ಫೀಡ್ ರ‍್ಯಾಂಪ್. ತಿಂಗಳಿಗೊಮ್ಮೆ ಮ್ಯಾಗಜೀನ್ ಬಿಚ್ಚಿ ಒರೆಸಿ. ಮನೆಯಲ್ಲಿ ಇದೆಯಲ್ಲ ಅಂತ ಕೊಬ್ಬರಿ ಎಣ್ಣೆ ಹಾಕುವವರನ್ನು ನೋಡಿದ್ದೇನೆ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ, ಡಿಸೆಂಬರಿನ ಬೆಂಗಳೂರಿನ ಬೆಳಗ್ಗೆ ಪಿಸ್ತೂಲಿನೊಳಗೆ ಏನಾಗುತ್ತದೆ ಯೋಚಿಸಿ. ಆಯುಧಪೂಜೆಯ ಮಾರನೇ ದಿನವೂ ಅಷ್ಟೇ: ಕುಂಕುಮ, ಅರಿಶಿನ ಗ್ರಿಪ್ಪಿನ ಮರದ ಮೇಲಿದ್ದರೆ ದೇವರಿಗೂ ಸಾಕು, ಕಿಂಡಿಯೊಳಗೆ ಬೇಡ. ಶುಚಿ ಮಾಡಿದ ಮೇಲೆ, ಹೊಡೆದ ಮೇಲೆಯೂ, ಸೋಪಿನಲ್ಲಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಗುಂಡು ಸೀಸದ್ದು, ಬಹಳಷ್ಟು ಸಿಡಿಮದ್ದಿನಲ್ಲೂ ಸೀಸವಿದೆ.

ಹೈ ವೆಲಾಸಿಟಿ ಬೇಡ ಅಂದದ್ದು ಯಾಕೆ? ಟಾರ್ಗೆಟ್ ಪಿಸ್ತೂಲಿನ ಬೋಲ್ಟ್, ಸ್ಪ್ರಿಂಗ್, ಬಫರ್ (ಏಟು ತಡೆಯುವ ಮೆತ್ತೆ) ಎಲ್ಲ ಸ್ಟ್ಯಾಂಡರ್ಡ್ ವೆಲಾಸಿಟಿಯ ತಳ್ಳುವಿಕೆಗೆ ತೂಗಿಸಿ ಮಾಡಿದ್ದು. ಜಾಸ್ತಿ ಶಕ್ತಿಯ ರೌಂಡ್ ಹಾಕಿದರೆ ಜಾಮ್ ಮರೆಯಾಗಬಹುದು, ಒಳಗಿನ ಕಾಯಿಲೆ ಹಾಗೇ ಇರುತ್ತದೆ, ಜೊತೆಗೆ ಬೋಲ್ಟ್ ಹಿಂದಿನ ಗೋಡೆಗೆ ಗುದ್ದಿ ಗುದ್ದಿ ಬಿರುಕು ಬಿಡುವ ಅಪಾಯ. ನಿಮ್ಮ ಕೈಗೂ ಜಿಗಿತ ಹೆಚ್ಚಿ, ರ‍್ಯಾಪಿಡ್‌ನಲ್ಲಿ ಪಿಸ್ತೂಲ್ ಮತ್ತೆ ಜಾಗಕ್ಕೆ ಬರುವುದು ನಿಧಾನವಾಗುತ್ತದೆ. ರೌಂಡ್ ಬದಲಿಸಲೇಬೇಕಾದರೆ ಸ್ಟ್ಯಾಂಡರ್ಡ್ ವೆಲಾಸಿಟಿಯಲ್ಲೇ ಇನ್ನೊಂದು ಬ್ರ್ಯಾಂಡ್ ನೋಡಿ. ಪಿಸ್ತೂಲಿಗೆಂದೇ ಮಾಡಿದ ಎಸ್‌ಕೆ ಪಿಸ್ತೂಲ್ ಮ್ಯಾಚ್, ಆರ್‌ಡಬ್ಲ್ಯೂಎಸ್ ಪಿಸ್ತೂಲ್ ಮ್ಯಾಚ್ ಥರದವಿವೆ, ಆಮದಿನದಾದ್ದರಿಂದ ಸಿಕ್ಕಾಗ ಸಿಕ್ಕಿತು. ಒಂದೇ ಹೆಸರಿನ ರೌಂಡು ಒಂದು ಪಿಸ್ತೂಲಿನಲ್ಲಿ ಬೆಣ್ಣೆಯಂತೆ ಓಡಿ ಪಕ್ಕದ ಪಿಸ್ತೂಲಿನಲ್ಲಿ ಮುಷ್ಕರ ಹೂಡುವುದು ಮಾಮೂಲು. ಹೊಸ ಡಬ್ಬ ತೆಗೆದಾಗ ಅದರ ಲಾಟ್ ನಂಬರನ್ನೂ ಬರೆದಿಡಿ.

ಬರೆದಿಡುವುದು ಅಂತ ಎಷ್ಟು ಸಲ ಹೇಳಿದೆನೋ. ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ತಾರೀಖು, ಮ್ಯಾಗಜೀನ್ ನಂಬರ್, ಲಾಟ್, ಶುಚಿ ಮಾಡಿ ಎಷ್ಟು ರೌಂಡ್ ಆಯಿತು, ಐದರಲ್ಲಿ ಎಷ್ಟನೆಯದು, ಏನು ಕಂಡಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮ್ಯಾಗಜೀನ್, ರೌಂಡ್, ಎಣ್ಣೆ, ಗ್ರಿಪ್ ಎಲ್ಲ ಒಂದೇ ದಿನ ಬದಲಿಸಿ ಜಾಮ್ ನಿಂತರೆ ಸಂತೋಷವೇ, ಆದರೆ ಯಾವುದರಿಂದ ನಿಂತಿತು ಗೊತ್ತಾಗದೆ ಮುಂದಿನ ತಿಂಗಳು ಮತ್ತೆ ಮೊದಲಿನಿಂದ ಶುರು ಮಾಡುತ್ತೀರಿ.

ಇನ್ನು ಅಭ್ಯಾಸ. ಯೂಟ್ಯೂಬಿನಲ್ಲಿ ಅಮೆರಿಕದ ರೇಂಜುಗಳ ವಿಡಿಯೊ ನೋಡಿ ಮ್ಯಾಗಜೀನ್ ತಟ್ಟಿ ಸ್ಲೈಡ್ ಎಳೆಯುವುದನ್ನು ನಮ್ಮ ಹುಡುಗ ಹುಡುಗಿಯರು ಕಲಿತುಬಿಟ್ಟಿದ್ದಾರೆ. ಅದು ಐಪಿಎಸ್‌ಸಿ ಥರದ, ಓಡಾಡುತ್ತಾ ಹೊಡೆಯುವ ಪಂದ್ಯಕ್ಕೆ ಸರಿ, ಅಲ್ಲಿ ಶೂಟರೇ ಬಿಡಿಸಿಕೊಂಡು ಮುಂದೆ ಹೋಗಬೇಕು, ಗಡಿಯಾರ ಓಡುತ್ತಿರುತ್ತದೆ. ನಿಮ್ಮ ಆಟದಲ್ಲಿ ಅದೇ ಕೈಚಳಕ ಸೀರೀಸನ್ನು ಕೊಲ್ಲುತ್ತದೆ. 25 ಮೀಟರ್ ಪಂದ್ಯದಲ್ಲಿ ಪಿಸ್ತೂಲ್ ನಿಂತರೆ ಹಿಡಿತ ಬಿಡದೆ, ಮೂತಿ ಗುರಿಯ ಕಡೆಗಿಟ್ಟು, ಇನ್ನೊಂದು ಕೈ ಎತ್ತಿ ರೇಂಜ್ ಆಫೀಸರನ್ನು ಕರೆಯಬೇಕು. ಅವರು ಬಂದು ನೋಡುವ ಮೊದಲು ಬೋಲ್ಟನ್ನೋ ಸೇಫ್ಟಿಯನ್ನೋ ಮುಟ್ಟಿದಿರಿ ಅಂದರೆ, ನಿಜವಾಗಿಯೂ ಯಂತ್ರ ಕೆಟ್ಟಿದ್ದರೂ ಅದು ಒಪ್ಪಿಗೆಯಿಲ್ಲದ ದೋಷ ಅನಿಸಿಕೊಳ್ಳುತ್ತದೆ. ಒಪ್ಪಿತ ದೋಷಕ್ಕೂ ಇಷ್ಟೇ ಸಲ ಅಂತ ಮಿತಿ ಇದೆ, ಆಯಾ ವರ್ಷದ ನಿಯಮ ಪುಸ್ತಕದಲ್ಲಿ ಓದಿಕೊಳ್ಳಿ. ಹಾಗಾಗಿ ಅಭ್ಯಾಸದಲ್ಲೂ ಪ್ರತಿ ಜಾಮಿಗೆ ಕೈ ಎತ್ತಿ. ಕ್ಲಬ್ಬಿನಲ್ಲಿ ನಗುತ್ತಾರೆ, ನಗಲಿ. 2021ರಲ್ಲಿ ಟೋಕಿಯೋದಲ್ಲಿ ಮನು ಭಾಕರ್ ಅವರ ಏರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆ ಕೆಟ್ಟು ಅಮೂಲ್ಯ ನಿಮಿಷಗಳು ಹೋದವು, 575 ಅಂಕದೊಂದಿಗೆ 12ನೇ ಸ್ಥಾನಕ್ಕೆ ನಿಂತರು. 2024ರಲ್ಲಿ ಪ್ಯಾರಿಸ್‌ನಿಂದ ಅದೇ ಮನು ಎರಡು ಕಂಚು ತಂದರು, 25 ಮೀಟರಿನಲ್ಲಿ ನಾಲ್ಕನೆಯವರಾದರು. ಒಲಿಂಪಿಕ್ಸಿನಲ್ಲೂ ಪಿಸ್ತೂಲ್ ಕೆಡುತ್ತದೆ ಅಂದಮೇಲೆ ಕೆಟ್ಟಾಗ ಏನು ಮಾಡಬೇಕು ಎಂಬುದೂ ಟ್ರೈನಿಂಗಿನ ಪಟ್ಟಿಯಲ್ಲಿ ಇರಲೇಬೇಕು.

ಜಾಮ್‌ನಿಂದ ಒಂದು ಲಾಭವೂ ಇದೆ. ಹಾರುತ್ತದೆ ಅಂದುಕೊಂಡ ಗುಂಡು ಹಾರದೇ ಹೋದ ಕ್ಷಣ ಪಿಸ್ತೂಲಿನ ಮೂತಿ ಏನು ಮಾಡಿತು? ತಣ್ಣಗೆ ಅಲ್ಲೇ ನಿಂತಿತೋ, ಕೆಳಕ್ಕೆ ಕುಕ್ಕಿತೋ? ಕುಕ್ಕಿದರೆ ಸದ್ದಿಗೂ ಏಟಿಗೂ ಕೈ ಮುಂಚೆಯೇ ಬೆದರುತ್ತಿದೆ ಎಂದರ್ಥ. ಗುಂಡು ಹಾರಿದಾಗ ಇದು ಏಟಿನೊಳಗೆ ಮುಚ್ಚಿಹೋಗುತ್ತದೆ. ಕೋಚ್ ಮತ್ತು ರೇಂಜ್ ಆಫೀಸರ್ ಒಪ್ಪಿಗೆ ಪಡೆದು, ಮದ್ದಿಲ್ಲದ ಡಮ್ಮಿ ರೌಂಡೊಂದನ್ನು ಬೇರೆಯವರಿಂದ ಮ್ಯಾಗಜೀನಿನ ನಡುವೆ ಎಲ್ಲೋ ಸೇರಿಸಿಸಿ. ಅದು ಎಷ್ಟನೆಯದು ಅಂತ ನಿಮಗೆ ಗೊತ್ತಿರಬಾರದು. ವಾರಕ್ಕೊಂದು ದಿನ ಇದನ್ನು ಮಾಡಿದರೆ ಸಾಕು. ಕೈ ಎತ್ತಿ ಕರೆಯುವ ಅಭ್ಯಾಸವೂ ಜೊತೆಗೇ ಆಗುತ್ತದೆ.

ರ‍್ಯಾಪಿಡ್‌ನ ಉಳಿದ ಕೆಲಸಕ್ಕೆ ರೌಂಡೇ ಬೇಡ. 45 ಡಿಗ್ರಿ ಕೆಳಗಿಟ್ಟ ಕೈ, ಮೂರು ಸೆಕೆಂಡಿನ ಟಾರ್ಗೆಟ್, ಆಮೇಲೆ ಏಳು ಸೆಕೆಂಡ್ ಬಿಡುವು. ಮೊಬೈಲಿನಲ್ಲಿ ಈ ತಾಳ ರೆಕಾರ್ಡ್ ಮಾಡಿಕೊಂಡು ಏರ್ ಪಿಸ್ತೂಲಿನಲ್ಲೇ ಮನೆಯಲ್ಲಿ ಖಾಲಿ ಅಭ್ಯಾಸ ಮಾಡಿ. ಸ್ಪೋರ್ಟ್ಸ್ ಪಿಸ್ತೂಲಿನ ಟ್ರಿಗರ್ ಎಳೆಯಲು ಬೇಕಾದ ಭಾರ ಕನಿಷ್ಠ 1000 ಗ್ರಾಂ, ಏರ್ ಪಿಸ್ತೂಲಿನದು 500, ಆ ವ್ಯತ್ಯಾಸ ಮನಸ್ಸಿನಲ್ಲಿರಲಿ. .22 ಪಿಸ್ತೂಲನ್ನು ಖಾಲಿ ಚೇಂಬರಿನಲ್ಲಿ ಹೊಡೆಯುವ ಮುಂಚೆ ಅದರ ಕೈಪಿಡಿ ನೋಡಿ. ಡ್ರೈ ಫೈರಿಗೆ ಬೇರೆ ವ್ಯವಸ್ಥೆ ಇರುವ ಮಾದರಿಗಳಿವೆ, ಇಲ್ಲದಿದ್ದರೆ ಪಿನ್ ಚೇಂಬರಿನ ಅಂಚಿಗೆ ಬಡಿದು ಅಲ್ಲಿ ಗುಳಿ ಬೀಳಬಹುದು, ಅದೂ ಮುಂದೆ ಫೀಡಿಂಗ್ ತೊಂದರೆಯಾಗುತ್ತದೆ. ಕೈ ಮೇಲೇಳುವಾಗಲೇ ಟ್ರಿಗರಿನ ಮೊದಲ ಹಂತ ಮುಗಿದಿರಬೇಕು. ಟಾರ್ಗೆಟ್ಟಿನಲ್ಲಿ ನಿಂತ ಮೇಲೆ ಒತ್ತಲು ಶುರು ಮಾಡಿದರೆ ಮೂರು ಸೆಕೆಂಡ್ ಸಾಲದೆ ಕೊನೆಗೆ ಜಗ್ಗುತ್ತೀರಿ. ರ‍್ಯಾಪಿಡ್ ಟಾರ್ಗೆಟ್ಟಿನ ಹತ್ತು ಅಂಕದ ವೃತ್ತ 100 ಮಿಲಿಮೀಟರ್, ಪ್ರಿಸಿಷನ್‌ನದರ ಎರಡರಷ್ಟು. ಏರ್ ಪಿಸ್ತೂಲಿನ 11.5 ಮಿಲಿಮೀಟರ್ ಹತ್ತಕ್ಕೆ ಒಗ್ಗಿದ ಕಣ್ಣು ಅಲ್ಲೂ ಪರಿಪೂರ್ಣ ಚಿತ್ರಕ್ಕೆ ಕಾಯುತ್ತದೆ, ಕಾಯಬೇಕಾಗಿಲ್ಲ. ಕೈ ಇಳಿಸಿದಾಗ ಬೆರಳನ್ನು ಟ್ರಿಗರಿನಿಂದ ಪೂರ್ತಿ ಬಿಡಿಸಿ, ಹಿಡಿತವನ್ನು ಮಾತ್ರ ಬಿಡಬೇಡಿ. ಈ ಒಂದನ್ನು ಮೊದಲ ತಿಂಗಳ ಕೆಲಸ ಅಂತಿಟ್ಟುಕೊಳ್ಳಿ.

ಸ್ವಂತ ಪಿಸ್ತೂಲಿನ ಪ್ರಶ್ನೆಗೆ ನನ್ನ ಉತ್ತರ: ಈಗಲೇ ಬೇಡ. ಏರ್ ಪಿಸ್ತೂಲ್ ತಂದಷ್ಟು ಸರಳವಲ್ಲ ಅದು, 1959ರ ಆಯುಧ ಕಾಯ್ದೆಯಡಿ ಲೈಸೆನ್ಸ್ ಬೇಕು, ಆಮದಿನ ಖರ್ಚು, ಮನೆಯಲ್ಲಿ ಭದ್ರವಾಗಿಡುವ ಹೊಣೆ ಎಲ್ಲ ಇದೆ. ಟ್ರಿಗರ್ ಬಿಡದ ಬೆರಳು ಹೊಸ ಪಿಸ್ತೂಲಿನ ಮೇಲೂ ಅದೇ ಕೆಲಸ ಮಾಡುತ್ತದೆ. ನೋಟ್‌ಬುಕ್ಕಿನಲ್ಲಿ ಒಂದೆರಡು ತಿಂಗಳ ಲೆಕ್ಕ ಸೇರಿದ ಮೇಲೆ ಅದನ್ನು ಆರ್ಮರರ್ ಮುಂದಿಡಿ. "ಜಾಮ್ ಆಗುತ್ತೆ ಸರ್" ಅಂದರೆ ಅವರು ಇಡೀ ಪಿಸ್ತೂಲ್ ಬಿಚ್ಚಿ ಮತ್ತೆ ಕಟ್ಟಿ ಕೊಡುತ್ತಾರೆ, ಅಷ್ಟೇ. "ಎರಡನೇ ಮ್ಯಾಗಜೀನಿನಲ್ಲಿ ಐದನೇ ರೌಂಡ್ ಮೂತಿ ಎತ್ತುತ್ತದೆ" ಅಂದರೆ ಒಂದು ಸ್ಪ್ರಿಂಗ್ ಬದಲಿಸಿ ಅರ್ಧ ಗಂಟೆಯಲ್ಲಿ ಕಳಿಸುತ್ತಾರೆ. ಅಷ್ಟಾದ ಮೇಲೂ ನಿಲ್ಲದಿದ್ದರೆ ಆ ಪಿಸ್ತೂಲಿಗೆ ಹೊಂದುವ ಹೊಸ ಮ್ಯಾಗಜೀನ್ ಎರಡು ತರಿಸಿಕೊಡಿ ಅಂತ ಕ್ಲಬ್ಬನ್ನು ಕೇಳಿ. ಹೊಸ ಪಿಸ್ತೂಲಿನ ಬೆಲೆಯ ಮುಂದೆ ಅದು ಏನೂ ಅಲ್ಲ.